ಲಕ್ವಕ್ಕೆ ಎಣ್ಣೆಯಲ್ಲ, ಗಡಿಯಾರ ಬೇಕು!

ಹಳ್ಳಿಗಳಲ್ಲಿ ಯಾರದಾದರೂ ಒಂದು ಕೈ, ಒಂದು ಕಾಲು ಬಿದ್ದುಹೋದರೆ ಮೊದಲು ಹೊರಡುವ ಮಾತು: ‘ಗಾಳಿ ಹೊಡೆದಿದೆ, ಇಂಥ ಊರಲ್ಲಿ ಔಷಧಿ ಕೊಡ್ತಾರೆ, ಕರ್ಕೊಂಡು ಹೋಗಿ.’ ಒಬ್ಬರು ಎಣ್ಣೆ ತಿಕ್ಕಿ ಅಂತಾರೆ, ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಿ ಅಂತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತೆ.

ಪಾರ್ಶ್ವವಾಯು ಅನ್ನೋ ಹೆಸರೇ ದಾರಿ ತಪ್ಪಿಸಿದೆ. ಇದರಲ್ಲಿ ವಾಯುವೂ ಇಲ್ಲ, ಗಾಳಿಯೂ ಇಲ್ಲ. ಕೆಟ್ಟಿರುವುದು ಕೈಕಾಲಲ್ಲ, ಮಿದುಳು. ಅಲ್ಲಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚುತ್ತೆ, ಇಲ್ಲವೇ ಒಡೆಯುತ್ತೆ. ಎಡ ಮಿದುಳಿಗೆ ಏಟು ಬಿದ್ದರೆ ಬಲಗೈ, ಬಲಗಾಲು ಸೋಲುತ್ತೆ. ಎಷ್ಟೋ ಜನಕ್ಕೆ ಮಾತೂ ನಿಲ್ಲುತ್ತೆ. ನಾಳ ಮುಚ್ಚಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಆದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ನಾಳ ಒಡೆದವನಿಗೆ ಅದೇ ಸೂಜಿ ಚುಚ್ಚಿದರೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಎಣ್ಣೆಯವರಿಗೆ ಇಷ್ಟು ಹೆಸರು ಹೇಗೆ ಬಂತು? ಗುಟ್ಟು ದೊಡ್ಡದೇನಲ್ಲ. ಬರೀ ಮುಖದ ನರ ಸೋತು ಬಾಯಿ ವಾರೆಯಾಗುವ ಕಾಯಿಲೆ ಬೇರೆಯೇ ಇದೆ. ಬಹುಪಾಲು ಜನಕ್ಕೆ ಅದು ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತೆ. ನಿಜವಾದ ಲಕ್ವದಲ್ಲೂ ಮೊದಲ ಮೂರು ತಿಂಗಳಲ್ಲಿ ಮಿದುಳು ತಾನೇ ಅಷ್ಟಿಷ್ಟು ಚೇತರಿಸಿಕೊಳ್ಳುತ್ತೆ. ದುಡಿದದ್ದು ಮಿದುಳು, ಹೆಸರು ಬಂದದ್ದು ಎಣ್ಣೆಗೆ!

ಹಾಗಂತ ಬರೀ ಜನಕ್ಕೆ ಬೈದು ಕೂತರೆ ನ್ಯಾಯವಲ್ಲ. 2008ರಿಂದ ರಾಜ್ಯದಲ್ಲಿ 108ರ ಗಾಡಿ ಓಡಾಡ್ತಿದೆ, ಸರಿ. ಆದರೆ ರಾತ್ರಿ ಹನ್ನೊಂದಕ್ಕೆ ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು? ಆ ಇಂಜೆಕ್ಷನ್ ಎಲ್ಲಿದೆ? ಇದು ಊರಿನವರಿಗೆ ಗೊತ್ತಿರಬೇಡವೇ? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದರಲ್ಲೇ ನಾಲ್ಕೂವರೆ ಗಂಟೆ ಕಳೆದರೆ ಆ ಪಾಪ ಯಾರ ತಲೆಗೆ? ಬಸ್ ನಿಲ್ದಾಣದ ಗೋಡೆ ಮೇಲೆ ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಜಾಗ ಇದೆ, ಈ ಎರಡು ಸಾಲು ಬರೆಸೋಕೆ ಜಾಗ ಇಲ್ಲವೇ?

ಜೀವ ಉಳಿದ ಮೇಲೆ ಇನ್ನೊಂದು ಕತೆ. ಗಾರೆ ಕೆಲಸದವನ ಬಲಗೈ ಬಿದ್ದರೆ ಮನೆ ಒಲೆಯೂ ಆರಿದಂತೆ. ಅವನನ್ನು ಎತ್ತಿ ಕೂರಿಸಲು ಹೆಂಡತಿಯೂ ಕೂಲಿ ಬಿಡಬೇಕು. ಬಿದ್ದ ಕೈ ಹಿಡಿದೆಳೆದರೆ ಭುಜದ ಕೀಲು ಜಾರುತ್ತೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತೆ ಅಂತ ಆಕೆಗೆ ಹೇಳಿಕೊಡುವವರು ಯಾರು? ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ದಿನವೂ ಸಿಗುವಂತಾದರೆ ಎಷ್ಟೋ ಮಂದಿ ಗೋಡೆ ಹಿಡಿದಾದರೂ ನಡೆದಾರು.

ಓದುಗರು ಇಷ್ಟು ನೆನಪಿಡಲಿ: ಬಾಯಿ ವಾರೆ, ಕೈ ಸೋಲು, ಮಾತು ತೊದಲು, ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು, ಕಾಫಿ ಸುರಿಯಬೇಡಿ; ಶ್ವಾಸಕೋಶಕ್ಕೆ ಇಳಿದೀತು. ‘ಚೆನ್ನಾಗೇ ಇದೀನಲ್ಲ’ ಅಂತ ಬಿ.ಪಿ. ಮಾತ್ರೆ ಬಿಡಬೇಡಿ.

ಇನ್ನು ಆರೋಗ್ಯ ಇಲಾಖೆಯ ದೊರೆಗಳೇ, ಆ ಆಸ್ಪತ್ರೆಗಳ ಹೆಸರು ಗೋಡೆ ಮೇಲೆ ಯಾವಾಗ ಬರೆಸ್ತೀರಿ?