ಮರೆತವರನ್ನು ಬೈಯಬೇಡಿ, ಪೆಟ್ಟು ಬಿದ್ದಿರುವುದು ಹಣೆಯ ಹಿಂದೆ



ಬೈಕಿನಿಂದ ಬಿದ್ದವರು, ಕಟ್ಟಡದ ಕೆಲಸದಲ್ಲಿ ಮೇಲಿಂದ ಜಾರಿದವರು ತಲೆಗೆ ಏಟು ಮಾಡಿಕೊಂಡು ಆಸ್ಪತ್ರೆ ಸೇರಿ, ಬದುಕಿ ಮನೆಗೆ ಬಂದಾಗ ಮನೆಯವರೆಲ್ಲ ದೇವರಿಗೆ ಕೈಮುಗಿಯುತ್ತಾರೆ. ಹೊಲಿಗೆ ಬಿಚ್ಚಿದೆ. ನಡೆಯುತ್ತಾರೆ, ಮಾತಾಡುತ್ತಾರೆ, ಬಂದ ನೆಂಟರನ್ನೆಲ್ಲ ಗುರುತು ಹಿಡಿಯುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಮದುವೆಯ ಸುದ್ದಿಯನ್ನೂ ಸರಿಯಾಗಿ ಹೇಳುತ್ತಾರೆ. ತೊಂದರೆ ಕಣ್ಣಿಗೆ ಬೀಳುವುದು ಆಮೇಲೆ. ಹಾಲು ತರಲು ಹೋದವರು ಬರಿಗೈಯಲ್ಲಿ ಬರುತ್ತಾರೆ. ಮಾತ್ರೆ ಎದುರಿಗೇ ಇದ್ದರೂ ನುಂಗುವುದಿಲ್ಲ. ‘ಮೇಸ್ತ್ರಿಗೆ ಫೋನ್ ಮಾಡಿದ್ಯಾ?’ ಎಂದರೆ ‘ಮಾಡಿದೆ’ ಎನ್ನುತ್ತಾರೆ, ಮಾಡಿರುವುದಿಲ್ಲ. ಆಗ ಮನೆಯಲ್ಲಿ ಮೂರು ಮಾತು ಹುಟ್ಟುತ್ತವೆ: ಸೋಮಾರಿ, ನಾಟಕಗಾರ, ಸುಳ್ಳುಗಾರ.

ಈ ಮೂರು ಮಾತನ್ನೂ ಹಿಂದಕ್ಕೆ ಪಡೆಯಿರಿ ಎಂದು ಕೇಳಲು ಈ ಕರಪತ್ರ. ಇದು ಗುಣದ ದೋಷವಲ್ಲ, ಗಾಯ. ಕಾಲು ಮುರಿದವರಿಗೆ ಸಿಗುವ ಪರೀಕ್ಷೆ, ಆರೈಕೆ, ಪರಿಹಾರ ಎಲ್ಲವೂ ಈ ಗಾಯಕ್ಕೂ ಸಿಗಬೇಕು.

ನೆನಪು ಹೋಯಿತು ಎಂದರೆ ಎಲ್ಲವೂ ಅಳಿಸಿಹೋಗಬೇಕು ಎಂದು ನಾವು ತಿಳಿದಿದ್ದೇವೆ. ಅಂಥ ಮರೆವೂ ಇದೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗದ ಚಿಕಿತ್ಸೆಗಾಗಿ ಕಿವಿಯ ಮಟ್ಟದಲ್ಲಿ, ಮಿದುಳಿನ ಒಳಮಗ್ಗುಲಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಎರಡೂ ಕಡೆ ಬಹುಮಟ್ಟಿಗೆ ತೆಗೆದರು. ಅಲ್ಲಿಂದಾಚೆಗೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಸಂಗತಿಗಳು ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಹಣೆಯ ಹಿಂದಿನ ಭಾಗಕ್ಕೆ, ವೈದ್ಯರು ಫ್ರಂಟಲ್ ಲೋಬ್ ಎನ್ನುವ ಭಾಗಕ್ಕೆ, ಪೆಟ್ಟಾದಾಗ ಹಾಗಾಗುವುದಿಲ್ಲ. ಉಗ್ರಾಣದಲ್ಲಿ ಸಾಮಾನು ಹಾಗೇ ಇರುತ್ತದೆ. ಬೇಕಾದ್ದನ್ನು ಹುಡುಕಿ ಹೊತ್ತಿಗೆ ಸರಿಯಾಗಿ ತಂದುಕೊಡುವ ಉಗ್ರಾಣಿ ಗಾಯಗೊಂಡಿರುತ್ತಾನೆ. ಅದಕ್ಕೇ ‘ನಿನ್ನೆ ಯಾರು ಬಂದಿದ್ದರು?’ ಎಂದರೆ ಉತ್ತರ ಬಾರದು. ‘ನಿನ್ನೆ ಬಂದದ್ದು ಅತ್ತೆಯೋ ಚಿಕ್ಕಪ್ಪನೋ?’ ಎಂದರೆ ಥಟ್ಟನೆ ‘ಚಿಕ್ಕಪ್ಪ’ ಎನ್ನುತ್ತಾರೆ. ಮನೆಯವರಿಗೆ ಇದು ನಾಟಕವಾಗಿ ಕಾಣುವುದು ಇಲ್ಲಿಯೇ. ಒಂದು ಸುಳಿವು ಕೊಟ್ಟರೆ ನೆನಪಾಗುತ್ತದೆ ಎಂದಮೇಲೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಸಿಟ್ಟು. ಸುಳಿವನ್ನು ತಾನೇ ಹುಟ್ಟಿಸಿಕೊಂಡು ಹುಡುಕುವ ಶಕ್ತಿಯೇ ಕುಂದಿದೆ ಎಂಬುದು ಹೊಳೆಯುವುದಿಲ್ಲ.

ಇನ್ನು ‘ಸುಳ್ಳು’. ಮಿದುಳಿನ ಮುಂಭಾಗಕ್ಕೆ ಹಾನಿಯಾದವರಿಗೆ ಕೆಲವು ಹೊಸ ವಿಷಯಗಳನ್ನು ಕಲಿಸಿ, ದಿನಗಳ ನಂತರ ಕೇಳಿ ನೋಡಿದ ಅಮೆರಿಕದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ವಿಷಯ ಅವರಿಗೆ ಮಿಕ್ಕವರಷ್ಟೇ ನೆನಪಿತ್ತು. ಅದನ್ನು ಎಲ್ಲಿ, ಯಾವಾಗ ಕಲಿತೆವು ಎಂಬುದರಲ್ಲಿ ಎಡವಿದರು. ಮೇಸ್ತ್ರಿಗೆ ಫೋನ್ ಮಾಡಿದ್ದು ಕಳೆದ ವಾರ; ಆ ನೆನಪು ಇವತ್ತಿನದಾಗಿ ಎದ್ದು ಬರುತ್ತದೆ. ಹೇಳುವವರು ಅದನ್ನು ನಂಬಿಯೇ ಹೇಳುತ್ತಾರೆ. ಮಿದುಳಿನ ಮುಂದಿನ ರಕ್ತನಾಳ ಉಬ್ಬಿ ಒಡೆದವರಲ್ಲಿ ಕೆಲವರಂತೂ ನಡೆಯದೇ ಇದ್ದ ಸಂಗತಿಯನ್ನು ನಡೆದಂತೆಯೇ ಬಣ್ಣಿಸುತ್ತಾರೆ. ಮೋಸ ಮಾಡುವ ಉದ್ದೇಶ ಅವರಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಬೈಗುಳ ತರುವುದು ಮಾಡಬೇಕಾದ್ದನ್ನು ಮರೆಯುವುದು. ಇದನ್ನು ತನ್ನ ಕುಟುಂಬದಲ್ಲೇ ಕಂಡು ದಾಖಲಿಸಿದವನು ಕೆನಡಾದ ಮಾಂಟ್ರಿಯಲ್‌ನ ಪ್ರಸಿದ್ಧ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್. 1928ರಲ್ಲಿ ಆತ ಸ್ವಂತ ಅಕ್ಕನ ಮಿದುಳಿನ ಬಲ ಮುಂಭಾಗದಲ್ಲಿದ್ದ ಗೆಡ್ಡೆಯನ್ನು, ಅದರೊಂದಿಗೆ ಆ ಭಾಗದ ಬಹುಪಾಲನ್ನು ತೆಗೆದ. ಆಕೆ ಚೇತರಿಸಿಕೊಂಡಳು. ಮಾತು, ನಯ, ಮಕ್ಕಳ ಮೇಲಿನ ಪ್ರೀತಿ ಎಲ್ಲ ಮೊದಲಿನಂತೆಯೇ. ಸುಮಾರು ಒಂದೂಕಾಲು ವರ್ಷದ ನಂತರ ಒಬ್ಬ ಅತಿಥಿಗೂ ಮನೆಯ ನಾಲ್ವರಿಗೂ ರಾತ್ರಿಯ ಊಟ ಸಿದ್ಧಮಾಡಲು ಖುಷಿಯಿಂದ ಹೊರಟಳು. ಇಡೀ ದಿನ ಕೈಯಲ್ಲಿತ್ತು. ಊಟದ ಹೊತ್ತಿಗೆ ನೋಡಿದರೆ ಪದಾರ್ಥಗಳೆಲ್ಲ ಅಡುಗೆಮನೆಯಲ್ಲೇ ಇವೆ, ಒಲೆಯ ಮೇಲೆ ಒಂದೆರಡು ಬೇಯುತ್ತಿವೆ, ಮಾಂಸ ಒಲೆಗೇ ಏರಿಲ್ಲ. ನಡುವೆ ಆಕೆ ದಿಕ್ಕುಗಾಣದೆ ಕಂಗಾಲಾಗಿ ನಿಂತಿದ್ದಾಳೆ. ವರ್ಷಗಟ್ಟಲೆ ಅಡುಗೆ ಮಾಡಿದವಳು. ಒಂದೊಂದು ಅಡುಗೆಯೂ ಬರುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಂದಿಸಿಕೊಂಡು ಹೋಗಲು ಆಗಲಿಲ್ಲ. ಪೆನ್‌ಫೀಲ್ಡ್ ಇದನ್ನು 1935ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದ. ತೊಂಬತ್ತು ವರ್ಷ ಕಳೆದಿವೆ. ಆ ಹೆಣ್ಣುಮಗಳಂತೆಯೇ ಅಡುಗೆಮನೆಯಲ್ಲಿ ಕಂಗಾಲಾಗಿ ನಿಂತವರನ್ನು ಇಂದಿಗೂ ನಾವು ಬೈಯುತ್ತಿದ್ದೇವೆ. ಇದು ನಿಲ್ಲಬೇಕು.

‘ಸ್ಕ್ಯಾನ್ ನಾರ್ಮಲ್ ಅಂದಿದ್ದಾರಲ್ಲ’ ಎಂದು ಕೇಳುವವರಿದ್ದಾರೆ. ಸಿಟಿ ಸ್ಕ್ಯಾನ್ ರಕ್ತಸ್ರಾವವನ್ನು, ಬಿರುಕನ್ನು ತೋರಿಸುತ್ತದೆ. ಮಿದುಳಿನೊಳಗೆ ಹರಿದ ಸಣ್ಣ ನರತಂತುಗಳನ್ನು ಬಹಳ ಸಲ ತೋರಿಸುವುದಿಲ್ಲ. ತಲೆಯ ಹಿಂಭಾಗಕ್ಕೆ ಏಟು ಬಿದ್ದರೂ ಗಾಯ ಮುಂಭಾಗಕ್ಕೆ ಆಗಬಹುದು. ಕಣ್ಣುಗುಳಿಗಳ ಮೇಲಿರುವ ತಲೆಬುರುಡೆಯ ಒಳಮೈ ಒರಟು; ತಲೆ ರಭಸದಿಂದ ಅಲುಗಿದಾಗ ಮಿದುಳು ಅದಕ್ಕೆ ಉಜ್ಜಿ ಘಾಸಿಗೊಳ್ಳುತ್ತದೆ. ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆಯಿರಿ ಎಂಬ ಹತ್ತು ನಿಮಿಷದ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳದೆ ಹೋಗಬಹುದು. ಬ್ರಿಟನ್ನಿನ ಶಾಲಿಸ್ ಮತ್ತು ಬರ್ಜೆಸ್ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿದ್ದ ಮೂವರನ್ನು ಅಂಗಡಿಬೀದಿಗೇ ಕರೆದೊಯ್ದು ನೋಡಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೂವರೂ ಸರಾಸರಿಗಿಂತ ಮೇಲಿದ್ದರು. ಕೆಲವು ಸಾಮಾನು ಕೊಳ್ಳಿ, ಇಂತಿಷ್ಟು ಹೊತ್ತಿಗೆ ಇಂಥ ಕಡೆ ನಿಂತಿರಿ ಎಂಬ ಸರಳ ಕೆಲಸಗಳಲ್ಲೇ ಅವರು ಮುಗ್ಗರಿಸಿದರು. 1991ರ ಈ ವರದಿ ಹೇಳುವುದಿಷ್ಟೇ: ಈ ಕೊರತೆಯನ್ನು ಬದುಕಿನ ಕೆಲಸಗಳಲ್ಲಿ ಹುಡುಕಬೇಕು.

ಹುಡುಕುವ ಸಾಧನ ನಮ್ಮಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ನರಮನೋವೈಜ್ಞಾನಿಕ ಪರೀಕ್ಷೆಗಳ ಸರಣಿಯಲ್ಲಿ ಶಾಲೆ ಕಾಣದವರಿಗೂ ಬೇರೆಯದೇ ಅಳತೆಗೋಲಿದೆ. ಕೂಲಿ ಮಾಡುವವರನ್ನೂ ಕಾಲೇಜು ಓದಿದವರನ್ನೂ ಒಂದೇ ತಕ್ಕಡಿಗೆ ಹಾಕಬೇಕಾಗಿಲ್ಲ. ಆದರೆ ಇಂಥ ಪರೀಕ್ಷೆ ಮಾಡುವ ತಜ್ಞರು ದೊಡ್ಡ ಊರುಗಳಲ್ಲೇ ಉಳಿದಿದ್ದಾರೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇದು ಸಿಗಬೇಕು. ತಲೆಗೆ ಗಂಭೀರ ಪೆಟ್ಟು ಬಿದ್ದವರು ಕೆಲಸಕ್ಕೆ ಮರಳುವ ಮೊದಲು ಇದು ಆಗಲೇಬೇಕು.

ಪರೀಕ್ಷೆ ಮಾಡಿಸಿ ಪ್ರಯೋಜನವೇನು, ಗುಣವಾಗುತ್ತದೆಯೇ? ಸತ್ತ ಜೀವಕೋಶ ಮರಳಿ ಬರುವುದಿಲ್ಲ. ಆದರೆ ಒಳಗೆ ಹುಟ್ಟದ ಸುಳಿವನ್ನು ಹೊರಗಿನಿಂದ ಕೊಡಬಹುದು. ಬ್ರಿಟನ್ನಿನಲ್ಲಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ಮರೆವಿನ, ಯೋಜನೆಯ ತೊಂದರೆಯಿದ್ದ 143 ಜನರ ಸೊಂಟಕ್ಕೆ ಪೇಜರ್ ಸಿಕ್ಕಿಸಿ, ‘ಮಾತ್ರೆ ತೆಗೆದುಕೊಳ್ಳಿ’ ಎಂಬಂಥ ಸಂದೇಶಗಳನ್ನು ಹೊತ್ತಿಗೆ ಸರಿಯಾಗಿ ಕಳಿಸಿ ನೋಡಿದರು. ಅಧ್ಯಯನ ಪೂರೈಸಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ದಿನದ ಕೆಲಸಗಳಲ್ಲಿ ಸ್ಪಷ್ಟವಾಗಿ ಸುಧಾರಿಸಿದರು. ಅದು 2001ರ ಮಾತು. ಇವತ್ತು ಆ ಪೇಜರಿನ ಕೆಲಸವನ್ನು ನಿಮ್ಮ ಕೈಯಲ್ಲಿರುವ ಮೊಬೈಲಿನ ಅಲಾರಾಂ ಮಾಡುತ್ತದೆ. ಬರೀ ಗಂಟೆ ಬಾರಿಸಿದರೆ ಸಾಲದು. ಏನು ಮಾಡಬೇಕು ಎಂಬ ಮಾತನ್ನು ನಿಮ್ಮದೇ ದನಿಯಲ್ಲಿ ಹಾಕಿಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ‘ಏನೇನು ಮಾಡಬೇಕಿತ್ತು ಹೇಳು’ ಎಂದು ಪರೀಕ್ಷೆ ಮಾಡಬೇಡಿ, ಗೋಡೆಯ ಮೇಲೆ ಬರೆದಿಡಿ. ಸಾಮಾನಿಗೆ ಒಂದೇ ಜಾಗ, ಕೆಲಸಕ್ಕೆ ಒಂದೇ ಹೊತ್ತು ಗೊತ್ತುಮಾಡಿ.

ಕಾನೂನಿನ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ; ತಲೆಪೆಟ್ಟಿನಿಂದಾದ ಮಿದುಳಿನ ಹಾನಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಅದನ್ನು ಸೇರಿಸಬೇಕು. ಅಪಘಾತ ಪರಿಹಾರದ ಪ್ರಕರಣಗಳಲ್ಲಿ ದೇಹಕ್ಕೆ ಶೇಕಡಾ ಎಷ್ಟು ಊನವಾಯಿತು ಎಂಬುದಷ್ಟೇ ಸಾಲದು, ಅದರಿಂದ ದುಡಿಮೆ ಎಷ್ಟು ಕುಸಿಯಿತು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ, ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ವಕೀಲರಿಗೆ ಮೂಳೆಯ ಎಕ್ಸ್‌ರೇ ಕೊಡುವಾಗ ನೆನಪಿನ ಪರೀಕ್ಷೆಯ ವರದಿಯನ್ನೂ ಕೊಡಿ. ಸರ್ಕಾರಿ ನೌಕರರಿಗೆ ಇನ್ನೊಂದು ರಕ್ಷಣೆಯಿದೆ: ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ ಅದೇ ಕಾಯ್ದೆಯ 20ನೇ ಕಲಂ.

ಮುಂದಿನ ಸಲ ವೈದ್ಯರನ್ನು ಕಾಣುವಾಗ ರೋಗಿಯೊಬ್ಬರನ್ನೇ ಒಳಗೆ ಕಳಿಸಬೇಡಿ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಿಗೆ ತಮ್ಮ ಮರೆವಿನ ಅರಿವು ತಮಗೇ ಇಲ್ಲದಿರುವುದುಂಟು, ‘ಹೇಗಿದ್ದೀರಿ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದುಬಿಡುತ್ತಾರೆ. ಒಂದು ವಾರ ಏನೇನು ಮರೆತರು, ಯಾವ ಕೆಲಸ ಅರ್ಧಕ್ಕೆ ಬಿಟ್ಟರು, ಎಲ್ಲಿ ಹಳೆಯದನ್ನು ಹೊಸದೆಂದು ಹೇಳಿದರು ಎಂದು ಹಾಳೆಯಲ್ಲಿ ಬರೆದುಕೊಂಡು ಜೊತೆಗೆ ಹೋಗಿ. ಆ ಹಾಳೆಯನ್ನು ವೈದ್ಯರ ಕೈಗೆ ಕೊಟ್ಟು, ನೆನಪಿನ ಪರೀಕ್ಷೆಗೆ ಚೀಟಿ ಬರೆಸಿಕೊಂಡೇ ಹೊರಗೆ ಬನ್ನಿ.