ಉಪ್ಪನ ಜೀಪಿನಲ್ಲಿ ನನ್ನ ಪಾಲು

ಉಪ್ಪ ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, 2022ರಲ್ಲಿ, ತಮ್ಮ ಸೌದಿಯಿಂದ ರಜೆಗೆ ಬಂದವನು ಮೂಡಿಗೆರೆಯಿಂದ ನನಗೆ ಫೋನ್ ಮಾಡಿದ. ಸಲಾಂ, ಕುಶಲ ಎಲ್ಲ ಮುಗಿದ ಮೇಲೆ ಮೆಲ್ಲಗೆ, “ಅಕ್ಕಾ, ಒಂದು ಕಾಗದಕ್ಕೆ ನಿನ್ನ ಸಹಿ ಬೇಕಿತ್ತು. ಶೆಡ್ಡಿನಲ್ಲಿರುವ ಜೀಪಿಗೆ” ಎಂದ.

ನಾನು ಕೂಡಲೇ “ಆಯಿತು” ಎಂದುಬಿಟ್ಟೆ. ಆ ಜೀಪನ್ನು ಗುಜರಿಯವನು 28,000 ರೂಪಾಯಿಗೆ ಕೇಳಿದ್ದು ನನಗೆ ಗೊತ್ತಿತ್ತು. ಟಯರಿಲ್ಲದೆ ಕಲ್ಲಿನ ಮೇಲೆ ನಿಂತಿದ್ದ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಗಾಡಿಯಲ್ಲಿ ಏನಿದೆ? ಕೊಟ್ಟರೆ ಹೋಯಿತು ಎಂದುಕೊಂಡೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನ್ ಬಂತು. ಈ ಸಲ ಉಮ್ಮ. “ಬೆಲೆ ಕಟ್ಟದೆ ಸಹಿ ಹಾಕಬೇಡ. ನಿನ್ನ ಅಕ್ಕನಿಗೂ ಹೇಳಿದ್ದೇನೆ. ಅವನಿಗೂ ಅವನ ಎದುರಿಗೇ ಹೇಳಿದ್ದೇನೆ” ಎಂದು ಇಟ್ಟುಬಿಟ್ಟರು.

ತಮ್ಮನಿಗೆ ಜೀಪನ್ನು ಮಾರುವ ಯೋಚನೆ ಇರಲಿಲ್ಲ. ಅದನ್ನು ಮೊದಲಿನಂತೆ ಮಾಡಿ ರಸ್ತೆಗಿಳಿಸಬೇಕೆಂಬ ಹುಚ್ಚು ಅವನದು. ಹುಚ್ಚು ಎಂಬ ಮಾತು ನನ್ನದಲ್ಲ, ಅವನ ಹೆಂಡತಿಯದು.

ಈ ಜೀಪಿನ ಪುರಾಣವನ್ನು ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅದೇ ಗಾಡಿ ರೈತರ, ತೋಟದವರ ಗಾಡಿಯಾಯಿತು. ನಮ್ಮ ದೇಶಕ್ಕೆ ಅದನ್ನು ತಂದದ್ದು ಮಹೀಂದ್ರ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಈ ಕಂಪೆನಿಯ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂದಿತ್ತು. ಇಬ್ಬರು ಮಹೀಂದ್ರ ಸಹೋದರರ ಜೊತೆ ಮಲಿಕ್ ಗುಲಾಂ ಮುಹಮ್ಮದ್ ಪಾಲುದಾರರಾಗಿದ್ದರು. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಎಂದು ಬದಲಾಯಿತು. ‘ಎಂ’ ಎಂಬ ಎರಡು ಅಕ್ಷರಗಳು ಮಾತ್ರ ಹಾಗೆಯೇ ಉಳಿದವು. ಉಪ್ಪ ಈ ಕತೆಯನ್ನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು, ತಾನೇ ಆ ಪಾಲುದಾರ ಎಂಬಂತೆ.

ನಮ್ಮದು 1966ರ ಸಿಜೆ3ಬಿ. ಬಾನೆಟ್ ಎತ್ತರವಾಗಿರುವುದೇ ಅದರ ಗುರುತು. ಅದರ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ವಾಲ್ವ್‌ಗಳು ತಲೆಯ ಮೇಲೆ, ಹೊಗೆ ಹೋಗುವ ವಾಲ್ವ್‌ಗಳು ಪಕ್ಕದಲ್ಲಿ. ಅದರಿಂದ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. ಇಂತಹ ಗಾಡಿಗಳಿಗೆ ಹಸಿರು ಬಣ್ಣ ಬಳಿದು, ನಕ್ಷತ್ರ ಬರೆದು ‘ಯುದ್ಧದ ಜೀಪು’ ಎಂದು ಮಾರುವವರಿದ್ದಾರೆ. ಯುದ್ಧಕಾಲದ ಜೀಪಿನ ಮುಖದ ತಗಡಿನಲ್ಲಿ 9 ಸೀಳುಗಳಿರುತ್ತವೆ, ಇದರಲ್ಲಿ 7. ಎಣಿಸಿ ನೋಡಿದರೆ ಸಾಕು.

ಉಪ್ಪ ಇದನ್ನು 1973ರಲ್ಲಿ ಒಬ್ಬ ಪ್ಲಾಂಟರರಿಂದ ಹಳೆಯದಾಗಿಯೇ ಕೊಂಡಿದ್ದರು. ಮಳೆಗಾಲದಲ್ಲಿ ಬೇರಾವ ಗಾಡಿಯೂ ಬಾರದ ನಮ್ಮ ದಾರಿಯಲ್ಲಿ ಹೆರಿಗೆಗೆ ಹೋದವರು, ಹಾವು ಕಚ್ಚಿದವರು, ಮದುಮಕ್ಕಳು, ಮಯ್ಯತ್ ಎಲ್ಲ ಇದರಲ್ಲಿಯೇ ಹೋದದ್ದು. 1980ರ ದಶಕದಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಉಪ್ಪ ಅದರ ಎಂಜಿನ್ ಕಿತ್ತು ಮಾರಿ ಬೇರೊಂದು ಗಾಡಿಯ ಡೀಸೆಲ್ ಎಂಜಿನ್ ಕೂರಿಸಿದರು. ಆಗ ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹೊಸ ಎಂಜಿನ್ ಹಿಡಿಸಲು ಚಾಸಿಸ್ಸಿನ ಅಡ್ಡಪಟ್ಟಿಯನ್ನೇ ಕೊಯ್ದಿದ್ದರು. ಜೀಪು ಬದುಕಿತು, ಆದರೆ ಆ ಗಾಯ ಉಳಿಯಿತು.

ಉಮ್ಮನ ಮಾತಿನಂತೆ ಬೆಲೆ ಕಟ್ಟಲು ಹಳೆಯ ಜೀಪುಗಳ ವ್ಯಾಪಾರ ತಿಳಿದ ಒಬ್ಬರನ್ನು ಕರೆಸಿದೆವು. ಗುಜರಿಯವನಂತೆ ಅವರು ಕಬ್ಬಿಣದ ತೂಕ ನೋಡಲಿಲ್ಲ. ಆರ್.ಸಿ. ಪುಸ್ತಕ ಇದೆಯೇ ಎಂದು ಕೇಳಿದರು. ‘ಎಂವೈ’ಯಿಂದ ಶುರುವಾಗುವ ಹಳೆಯ ಮೈಸೂರು ರಾಜ್ಯದ ನಂಬರ್ ನೋಡಿದರು, ಚಾಸಿಸ್ ನಂಬರನ್ನು ಉಜ್ಜಿ ತಾಳೆ ಹಾಕಿದರು. 1 ಲಕ್ಷ ಎಂದರು. ಟಯರ್, ಬ್ಯಾಟರಿ ಇಲ್ಲವೆಂದು 4,000 ಕಳೆದರು. ಉಪ್ಪನ ಸಾಲಗಳೆಲ್ಲ ಮೊದಲೇ ತೀರಿದ್ದವು, ವಸಿಯ್ಯತ್ ಏನೂ ಇರಲಿಲ್ಲ. 96,000ದಲ್ಲಿ ಉಮ್ಮನಿಗೆ ಎಂಟನೇ ಒಂದು ಭಾಗ, 12,000. ಉಳಿದ 84,000ದಲ್ಲಿ ಅಣ್ಣನಿಗೂ ತಮ್ಮನಿಗೂ 28,000ದಂತೆ, ಅಕ್ಕನಿಗೂ ನನಗೂ 14,000ದಂತೆ. ತಮ್ಮ ತನ್ನ ಪಾಲು ಇಟ್ಟುಕೊಂಡು ನಮಗೆಲ್ಲ ಸೇರಿ 68,000 ಎಣಿಸಿಕೊಟ್ಟ. ಮೀರಾಸಿನಲ್ಲಿ ಮನೆ ತೋಟಕ್ಕೆ ಇರುವ ಲೆಕ್ಕವೇ ಶೆಡ್ಡಿನ ಜೀಪಿಗೂ ಇದೆ ಎಂಬುದನ್ನು ನಾನು ಓದಿ ಬಲ್ಲೆ. ಆದರೂ ಸುಮ್ಮನೆ ಸಹಿ ಹಾಕಲು ಪೆನ್ ಹುಡುಕಿದವಳು ನಾನೇ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಗಾಡಿಯ ಒಡೆಯರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, 3 ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬದಲಾವಣೆ ಕೋರಬೇಕು. ದುಃಖದ ಮನೆಯಲ್ಲಿ ಇದು ಯಾರಿಗೆ ನೆನಪಿರುತ್ತದೆ? ನಮಗೂ ಇರಲಿಲ್ಲ. ದಂಡ ಕಟ್ಟಿ, ಉಳಿದವರ ಒಪ್ಪಿಗೆ ಪತ್ರ ಕೊಟ್ಟು ಮಾಡಿಸುವಷ್ಟರಲ್ಲಿ ತಮ್ಮನ ಅರ್ಧ ರಜೆ ಮುಗಿದಿತ್ತು.

ಕೆಲಸಕ್ಕೆ ಸಿಕ್ಕಿದವರು ಊರಿನ ಹಳೆಯ ಮೇಸ್ತ್ರಿ. ಎಪ್ಪತ್ತು ದಾಟಿದ ಅವರು ಗ್ಯಾರೇಜ್ ಮುಚ್ಚಿ ಮಸೀದಿ, ಮನೆ ಎಂದಿದ್ದರು. ಅವರ ಮೊದಲ ಷರತ್ತು, ಫೋಟೋ ತೆಗೆಯದೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಬಿಚ್ಚುವುದು ಮೂರು ದಿನದ ಕೆಲಸ, ಯಾವುದು ಎಲ್ಲಿಯದು ಎಂದು ಮರೆತರೆ ಜೋಡಿಸಲು ಮೂರು ವರ್ಷವೂ ಸಾಲದು ಎಂದರು. ಗಂಡನಿಗೆ ಹುಚ್ಚು ಎಂದಿದ್ದ ನಾದಿನಿಯೇ ಉಪ್ಪಿನಕಾಯಿಯ ಖಾಲಿ ಬಾಟಲಿಗಳನ್ನು ತೊಳೆದು, ಒಂದೊಂದರಲ್ಲಿ ಒಂದೊಂದು ಕಡೆಯ ನಟ್ಟು ಬೋಲ್ಟು ಹಾಕಿ ಚೀಟಿ ಅಂಟಿಸಿದಳು. ತಮ್ಮ ಸೌದಿಗೆ ಮರಳಿದ ಮೇಲೆ ಮೇಸ್ತ್ರಿ ಅವಳನ್ನು ಕೇಳಿಯೇ ಕೆಲಸ ಮಾಡುತ್ತಿದ್ದರಂತೆ.

ತೊಳೆದಾಗ ಕಂಡದ್ದು ತುಕ್ಕು. ನೆಲದ ತಗಡಿನ ಅಡಿಯಲ್ಲಿ ಬಲಕ್ಕೆಂದು ಬೆಸೆದ ತೊಟ್ಟಿಯಂತಹ ಪಟ್ಟಿಗಳಿರುತ್ತವೆ. ಐವತ್ತು ಮಳೆಗಾಲದ ಕೆಸರು ಅವುಗಳಲ್ಲಿ ತುಂಬಿತ್ತು. ಟಿಂಕರಿಂಗಿನವರು ಇಡೀ ಬಾಡಿಯನ್ನೇ ಹೊಸದಾಗಿ ತರಿಸೋಣ, ಹರಿಯಾಣದ ಡಬವಾಲಿ ಕಡೆ ಸಿದ್ಧವಾಗಿ ಸಿಗುತ್ತದೆ ಎಂದರು. ಅದು ಅಗ್ಗವೂ ಹೌದು. ಮೇಸ್ತ್ರಿ ಒಪ್ಪಲಿಲ್ಲ. ಕೊಳೆತದ್ದನ್ನು ಮಾತ್ರ ಕತ್ತರಿಸಿ, ಅದೇ ದಪ್ಪದ ತಗಡು ಬೆಸೆಯಿರಿ, ಉಳಿದದ್ದು ಅದರದ್ದೇ ಇರಲಿ ಎಂದರು. ತಿಂಗಳುಗಟ್ಟಲೆ ಹಿಡಿಯಿತು. ನನ್ನ ಅಭಿಪ್ರಾಯ ಕೇಳಿದರೆ ಮೇಸ್ತ್ರಿಯದೇ ಸರಿ. ಎಲ್ಲವನ್ನೂ ಹೊಸದು ಮಾಡಿದರೆ ಉಪ್ಪನ ಗಾಡಿಯ ನಂಬರ್ ಮಾತ್ರ ಉಳಿಯುತ್ತಿತ್ತು.

ದೊಡ್ಡ ಕಷ್ಟ ಎಂಜಿನ್ನಿನದು. ಹರಿಕೇನ್ ಎಂಜಿನ್ನಿಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲುಗಳನ್ನೆಲ್ಲ ಸುತ್ತಿದರು. ಒಂದು ಸಿಕ್ಕಿತು, ತಂದು ಬಿಚ್ಚಿದರೆ ಹೊಗೆ ವಾಲ್ವಿನ ಸೀಟಿನಿಂದ ಸಿಲಿಂಡರಿನವರೆಗೆ ಕೂದಲಿನಂತಹ ಸೀಳು. ಈ ಜಾತಿಯ ಎಂಜಿನ್ನುಗಳಿಗೆ ಬಿಸಿಯಾಗಿ ಬಿಸಿಯಾಗಿ ಬರುವ ಕಾಯಿಲೆ ಅದು. ಕೊಟ್ಟವನು ಹಿಂದಕ್ಕೆ ಪಡೆಯಲಿಲ್ಲ, ಹಣ ಹೋಯಿತು. ನಾದಿನಿ ಎರಡು ವಾರ ಫೋನಿನಲ್ಲಿ ತಮ್ಮನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಮಕ್ಕಳ ಫೀಸು ಕಟ್ಟುವ ತಿಂಗಳು ಕಬ್ಬಿಣಕ್ಕೆ ಹಣ ಸುರಿದರೆ ಇಸ್ರಾಫ್ ಅಲ್ಲದೆ ಇನ್ನೇನು ಎಂಬ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ತಿಂಗಳಿಗೆ ಇಷ್ಟೇ ಎಂದು ಅವಳೇ ಮಿತಿ ಹಾಕಿದಳು. ಮಿತಿ ಮುಗಿದ ತಿಂಗಳು ಕೆಲಸವೂ ನಿಲ್ಲುತ್ತಿತ್ತು.

ಎರಡನೆಯದು ಕೊಡಗಿನ ಒಂದು ಮರದ ಮಿಲ್ಲಿನಲ್ಲಿ ಸಿಕ್ಕಿತು. ಗರಗಸ ತಿರುಗಿಸುತ್ತಿದ್ದ ಎಂಜಿನ್ ಅದು, ಪಿಸ್ಟನ್‌ಗಳು ಅಂಟಿ ಕುಳಿತಿದ್ದವು. ಮೇಸ್ತ್ರಿ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಣ್ಣೆ ಬೆರೆಸಿ ಹೊಯ್ದು ಹತ್ತು ದಿನ ಮುಟ್ಟಲಿಲ್ಲ. ಆಮೇಲೆ ಒಂದು ಅಸರ್ ನಮಾಝಿನ ನಂತರ ಕೈಯಲ್ಲೇ ತಿರುಗಿಸಿದರು, ತಿರುಗಿತು. 4 ಸಿಲಿಂಡರ್, 2.2 ಲೀಟರ್. ಸಿಲಿಂಡರಿನ ಅಗಲಕ್ಕಿಂತ ಪಿಸ್ಟನ್ ಓಡುವ ಉದ್ದ ಬಹಳ ಹೆಚ್ಚು. ಉದ್ದದ ಒನಕೆಯಿಂದ ಕುಟ್ಟಿದ ಹಾಗೆ, ಏಟುಗಳು ಕಡಿಮೆಯಾದರೂ ಒಂದೊಂದು ಏಟಿಗೂ ಬಲವಿದೆ. ಆದ್ದರಿಂದಲೇ ಈ ಜೀಪು ಓಡುವುದಿಲ್ಲ, ಆದರೆ ಹತ್ತುತ್ತದೆ.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ಉಜ್ಜಿದಂತೆ ಬಿಳಿ, ಅದರಡಿ ನೀಲಿ, ಅದರಡಿ ಹಸಿರು. ಗಂಡಸರೆಲ್ಲ ಮೂಲ ಬಣ್ಣ ಹಸಿರೇ ಎಂದರು. 1974ರಲ್ಲಿ ಇದೇ ಜೀಪಿನಲ್ಲಿ ಮದುಮಗಳಾಗಿ ಬಂದ ಉಮ್ಮ ಮಾತ್ರ, “ಬೂದು, ಸ್ವಲ್ಪ ಹಸಿರು ಬೆರೆತ ಬೂದು” ಎಂದರು. ಬುರ್ಖಾದೊಳಗಿಂದ ನಿನಗೆ ಏನು ಕಂಡಿರಬೇಕು ಎಂದು ಅಣ್ಣ ನಕ್ಕ. ಈ ಜೀಪಿನ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಅಡಿಯಲ್ಲಿ. ಅದನ್ನು ಎತ್ತಿ ತೆಗೆದಾಗ ಬಿಸಿಲು, ಬ್ರಷ್ ಯಾವುದೂ ತಾಗದ ಅಂಗೈಯಗಲದ ಜಾಗ ಕಂಡಿತು. ಉಮ್ಮ ಹೇಳಿದ ಅದೇ ಬೂದು. ಆ ತುಂಡು ತೋರಿಸಿಯೇ ಬಣ್ಣ ಬೆರೆಸಿದರು.

ಬ್ರೇಕಿನ ವಿಷಯದಲ್ಲಿ ಮಾತ್ರ ಮೇಸ್ತ್ರಿ ಮೂಲದ ಹಟ ಬಿಟ್ಟರು. ಇಂತಹ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಎಣ್ಣೆಯ ದಾರಿ. ಎಲ್ಲಿ ಒಂದು ಪೈಪ್ ಸೋರಿದರೂ ನಾಲ್ಕೂ ಬ್ರೇಕ್ ಹೋದಂತೆ. ಘಾಟಿಯ ಊರಿನಲ್ಲಿ ಅದು ಬೇಡವೆಂದು ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಬೇರೆ ಬೇರೆ ದಾರಿ ಮಾಡಿಸಿದರು. ಮೂಲದಲ್ಲಿಲ್ಲದ ಸೀಟ್ ಬೆಲ್ಟನ್ನೂ ಹಾಕಿಸಿದರು. ಸ್ಟೇರಿಂಗಿನ ಸಡಿಲ ಪೂರ್ತಿ ಹೋಗಲಿಲ್ಲ. ಗೇರ್ ಬಾಕ್ಸಿನ ಹಿಂದಿನ ಪೆಟ್ಟಿಗೆಯಿಂದ ಎಣ್ಣೆ ತೊಟ್ಟಿಕ್ಕುವುದೂ ನಿಂತಿಲ್ಲ. ಅದು ನಿಂತರೆ ಒಳಗೆ ಎಣ್ಣೆ ಮುಗಿದಿದೆಯೆಂದು ತಿಳಿಯಿರಿ ಎಂದು ಮೇಸ್ತ್ರಿ ನಕ್ಕರಂತೆ.

50 ವರ್ಷ ದಾಟಿದ, ಹೆಚ್ಚು ಬದಲಾವಣೆಯಾಗದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರಕಾರ ‘ವಿಂಟೇಜ್’ ನೋಂದಣಿಯ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರಗಳು. ಆದರೆ ಅಂತಹ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥವಕ್ಕಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಉಮ್ಮನಿಗೆ ತನ್ನ ತಂಗಿಯ ಮನೆಗೆ ಹೋಗಬೇಕಾಗಿತ್ತು, ಪ್ರದರ್ಶನಕ್ಕಲ್ಲ. ಆದ್ದರಿಂದ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸುವ ಸಾಮಾನ್ಯ ದಾರಿಯನ್ನೇ ಹಿಡಿದರು. ಡೀಸೆಲ್ ಎಂದಿದ್ದ ಪುಸ್ತಕದಲ್ಲಿ ಪೆಟ್ರೋಲ್ ಎಂದು ತಿದ್ದಿಸಲು ಎಷ್ಟು ಸಲ ಅಲೆದರೆಂದು ಕೇಳಬೇಡಿ.

2024ರಲ್ಲಿ ಕೆಲಸ ಮುಗಿದಾಗ ಒಬ್ಬರು ಬಂದು ಕೆಲವು ಲಕ್ಷ ಕೊಡುತ್ತೇನೆ ಎಂದರು. ಮಾತು ಹಬ್ಬಿತು. ಆಗ ಪಾಲು ಕಡಿಮೆಯಾಯಿತಲ್ಲ ಎಂದು ನೆಂಟರಲ್ಲೊಬ್ಬರು ಅಕ್ಕನ ಕಿವಿ ಕಚ್ಚಿದರು. ಅಕ್ಕ ನೇರವಾಗಿ ಉಮ್ಮನನ್ನೇ ಕೇಳಿದಳು. ಪಾಲು ಮಾಡಿದ ದಿನ ಅದು ಕೋಳಿಗೂಡಾಗಿತ್ತು, ಆ ದಿನದ ಬೆಲೆ ಎಲ್ಲರಿಗೂ ಸಿಕ್ಕಿದೆ, ಆಮೇಲಿನದ್ದು ಅವನ ಬೆವರು ಎಂದರು ಉಮ್ಮ. ಮಸೀದಿಯ ಉಸ್ತಾದರೂ ಅದನ್ನೇ ಹೇಳಿದರು. ಬೆಲೆ ಕಟ್ಟದೆ ಅಂದು ನಾವು ಸಹಿ ಹಾಕಿದ್ದರೆ ಈ ಮಾತಿಗೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ.

ಕಳೆದ ರಜೆಯಲ್ಲಿ ನಾನು ಹೋದಾಗ ಜೀಪು ಓಡಿಸಿದ್ದು ತಮ್ಮನ ಮಗಳು. ಹತ್ತೊಂಬತ್ತರ ಹುಡುಗಿ, ಲೈಸೆನ್ಸ್ ಮಾಡಿಸಿ ಆರು ತಿಂಗಳಾಗಿತ್ತು. ಮೂರೇ ಗೇರ್. ಮೊದಲನೆಯದಕ್ಕೆ ಹೋಗಬೇಕಾದರೆ ಗಾಡಿ ಪೂರ್ತಿ ನಿಲ್ಲಬೇಕು, ಇಲ್ಲದಿದ್ದರೆ ಹಲ್ಲು ಕಡಿಯುವ ಶಬ್ದ ಬರುತ್ತದೆ. ಅವಳ ಅಪ್ಪನಿಗೆ ಇನ್ನೂ ಆ ಶಬ್ದ ಬರುತ್ತದೆ. ಹಳ್ಳದ ಹತ್ತಿರ ಅವಳು ನಿಲ್ಲಿಸಿದಳು, ನೆಲದಿಂದ ಎದ್ದು ನಿಂತ ಎರಡು ಚಿಕ್ಕ ಲಿವರುಗಳಲ್ಲಿ ಒಂದನ್ನು ಹಾಕಿ ಮುಂದಿನ ಚಕ್ರಗಳನ್ನೂ ಸೇರಿಸಿಕೊಂಡಳು, ಇನ್ನೊಂದನ್ನು ಕೆಳ ಗೇರಿಗೆ ಎಳೆದಳು. ಪಕ್ಕದಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತಿದ್ದ ಉಮ್ಮ ಬಿಸ್ಮಿಲ್ಲಾಹ್ ಹೇಳಿ, ಬಾಗಿಲಿಲ್ಲದ ಬದಿಯಲ್ಲಿ ಹಾರುತ್ತಿದ್ದ ಸೆರಗನ್ನು ಒಳಗೆ ಎಳೆದುಕೊಂಡರು. ಜೀಪು ನೀರಿಗಿಳಿದು ಆಚೆ ಹತ್ತಿತು.