ನಡುವೆ ನಿಂತವರ ಮೇಲೇಕೆ ಕೋಪ?

2025ನೆಯ ಜನವರಿ 8ರಂದು ಮುಖ್ಯಮಂತ್ರಿಗಳ ಗೃಹಕಚೇರಿಯಲ್ಲಿ ಮುಂಡಗಾರು ಲತಾ ಮೊದಲಾದ ಆರು ಮಂದಿ ನಕ್ಸಲರು ಶಸ್ತ್ರಮಾರ್ಗವನ್ನು ತೊರೆದು ಶರಣಾದಾಗ, ಅದಕ್ಕಾಗಿ ದುಡಿದ ‘ಶಾಂತಿಗಾಗಿ ನಾಗರಿಕರ ವೇದಿಕೆ’ಯವರನ್ನೂ ಸರಕಾರದ ಶರಣಾಗತಿ ಸಮಿತಿಯವರನ್ನೂ ಅಭಿನಂದಿಸಬೇಕಾಗಿದ್ದ ಬಾಯಿಗಳಲ್ಲಿ ಹಲವು, ಹಂತಕರಿಗೆ ರತ್ನಗಂಬಳಿ ಹಾಸಲಾಯಿತೆಂದು ಕೂಗೆಬ್ಬಿಸಿದವು.

ಈ ಕೂಗಿನಲ್ಲಿ ಸತ್ಯಾಂಶವೇ ಇಲ್ಲವೆನ್ನಲಾರೆ. 2005ರ ಫೆಬ್ರವರಿಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತನಾದ ವಾರದೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರನ್ನು ನಕ್ಸಲರು ಕೊಂದುದನ್ನು ಮೃತರ ಕುಟುಂಬಗಳು ಮರೆತಿರಲಾರವು. ಮರೆಯಿರೆಂದು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಶರಣಾದವರಿಗೆ ಕ್ಷಮಾದಾನವೇನೂ ದೊರೆಯಲಿಲ್ಲ: ಅವರು ನೇರವಾಗಿ ಸೆರೆಮನೆಗೆ ಹೋದರು, ಮೊಕದ್ದಮೆಗಳು ಉಳಿದೇ ಇವೆ. ಹಾಗಿರಲು ರೋಷವೆಲ್ಲ ಸಂಧಾನಕಾರರತ್ತಲೇ ತಿರುಗಿದುದೇಕೆ?

ಶಿರಸಿ ತಾಲೂಕಿನ ನಮ್ಮ ಹುಲೇಕಲ್ ಸೀಮೆಯಲ್ಲಿ ಸೊಪ್ಪಿನಬೆಟ್ಟದ ಗಡಿಗಾಗಿ ದಾಯಾದಿಗಳಿಬ್ಬರು ಕತ್ತಿ ಹಿಡಿದು ನಿಂತರೆ, ಕವಳದ ಹರಿವಾಣವನ್ನು ಜಗಲಿಯ ನಡುವಿಟ್ಟು ಪಂಚಾಯಿತಿಕೆಗೆ ಕುಳಿತ ಹಿರಿಯರಿಗೆ ಮೊದಲು ಎದುರಾಗುವ ಮಾತು, ‘ನೀವು ಯಾರ ಬದಿಯವರು?’ ಎಂಬುದು. ಎರಡೂ ಕಡೆಯವರು ಅದನ್ನೇ ಕೇಳಿದರೆಂದರೆ ಪಂಚರು ಕುಳಿತ ಜಾಗ ಸರಿಯಾಗಿದೆಯೆಂದೇ ಅರ್ಥ. ನಕ್ಸಲರೊಡನೆ ಸಂಧಾನ ನಡೆಸಿದವರಿಗೂ ಇದೇ ಮಾತು ಎದುರಾಯಿತು: 2014ರ ಡಿಸೆಂಬರಿನಲ್ಲಿ ನಕ್ಸಲರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಅವರನ್ನು ಭೂಗತ ಬದುಕಿನಿಂದ ಹೊರತಂದವರಲ್ಲಿ ಗಾಂಧಿವಾದಿ ಎಚ್.ಎಸ್. ದೊರೆಸ್ವಾಮಿಯವರಿದ್ದರು, ಪತ್ರಕರ್ತೆ ಗೌರಿ ಲಂಕೇಶರಿದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡ ಆ ವೃದ್ಧ ಗಾಂಧಿವಾದಿಯನ್ನು ಕೂಡ ನಕ್ಸಲರ ಪಕ್ಷಪಾತಿಯೆನ್ನಲು ಹಿಂಜರಿಯದವರಿಗೆ ಏನು ಹೇಳೋಣ!

ಈಗಿನ ಟೀಕಾಕಾರರು ಒಂದು ಲೆಕ್ಕವನ್ನು ನೋಡಲಿ. 2024ರ ನವೆಂಬರ್ 18ರಂದು ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. ಎರಡು ತಿಂಗಳು ತುಂಬುವ ಮುನ್ನವೇ ಅವನದೇ ಜೊತೆಗಾರರು ಒಂದು ಗುಂಡೂ ಹಾರದೆ ಹೊರಬಂದರು. ಬಂದೂಕಿನ ಭೀತಿಯೇ ಅವರನ್ನು ಹೊರತಂದಿತೆಂದು ಕೆಲವರು ವಾದಿಸುವರು. ಇರಬಹುದು, ಆದರೆ ಭೀತನಾದವನು ಹೊರಬರಲು ನಂಬುಗೆಯ ಒಂದು ಮುಖ ಬೇಕು, ಆ ಮುಖ ಕೋವಿ ಹಿಡಿದವನದಾಗಿರಲು ಸಾಧ್ಯವಿಲ್ಲ.

ನನ್ನ ತಕರಾರು ಸರಕಾರದ ಮೇಲೆಯೇ ಇದೆ. ಸಂಧಾನಕಾರರನ್ನು ಸಮಾರಂಭದ ದಿನದ ಛಾಯಾಚಿತ್ರಕ್ಕೆ ನಿಲ್ಲಿಸಿ, ಮರುದಿನದಿಂದ ಕಚೇರಿಯ ಬಾಗಿಲಲ್ಲಿ ಕಾಯಿಸುವುದು ಆಳುವವರ ಹಳೆಯ ಚಾಳಿ. ಮಂತ್ರಿಗಳು ಬದಲಾಗುವರು, ಅಧಿಕಾರಿಗಳು ವರ್ಗವಾಗುವರು. ಕೊಟ್ಟ ಮಾತಿಗೆ ಸಾಕ್ಷಿಗಳಾಗಿ ಉಳಿಯುವವರು ಈ ಸಂಧಾನಕಾರರೇ. ಪುನರ್ವಸತಿಯಷ್ಟೇ ಕಾಡಂಚಿನವರ ಭೂಮಿಯ ಮಾತೂ ಇಲ್ಲಿ ಮುಖ್ಯ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಎತ್ತಂಗಡಿಯ ಭಯ ಹುಟ್ಟಿದ್ದರಿಂದಲೇ ಅಲ್ಲವೆ ಮಲೆನಾಡಿನಲ್ಲಿ ಈ ಚಳವಳಿಗೆ ಕಿವಿಗೊಡುವವರು ದೊರೆತುದು? ಅರಣ್ಯ ಅತಿಕ್ರಮಣದ ನೋಟೀಸೆಂದರೇನೆಂದು ಶಿರಸಿ, ಸಿದ್ದಾಪುರದವರಿಗೆ ಯಾರೂ ಬಣ್ಣಿಸಬೇಕಾಗಿಲ್ಲ.

ಆದುದರಿಂದ ಪುನರ್ವಸತಿ ಎಷ್ಟಾಯಿತು, ಮೊಕದ್ದಮೆ ಎಲ್ಲಿಗೆ ಬಂತು, ಕಾಡಂಚಿನವರ ಭೂಮಿಯ ಹಕ್ಕು ಏನಾಯಿತು ಎಂಬ ವರದಿಯನ್ನು ಆರು ತಿಂಗಳಿಗೊಮ್ಮೆ ಈ ಸಂಧಾನಕಾರರಿಂದಲೇ ಬರೆಯಿಸಿ, ಅವರ ಆಕ್ಷೇಪಗಳ ಸಮೇತ ವಿಧಾನಸಭೆಯಲ್ಲಿ ಮಂಡಿಸಬೇಕು. ರತ್ನಗಂಬಳಿಯ ಬಗೆಗೆ ಅಷ್ಟು ಚಿಂತಿಸಿದ ವಿರೋಧಪಕ್ಷವೇ ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ.